ಹೊರ ಫ್ರೇಮಿನ ಟ್ರೆಕ್ಕಿಂಗ್ ಬ್ಯಾಗ್ ಕೊಡಗಿನ ಬೆಟ್ಟಕ್ಕೆ ಆಗುತ್ತದಾ?

ಕಕ್ಕಬ್ಬೆ ಹುಡುಗ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ನಮ್ಮ ದೊಡ್ಡಪ್ಪ ಈ ಸಲ ಊರಿಗೆ ಬಂದಾಗ ಅವರ ಹಳೇ ಟ್ರೆಕ್ಕಿಂಗ್ ಬ್ಯಾಗ್ ತಂದು ಕೊಟ್ಟರು. ಕೆಲ್ಟಿ ಕಂಪನಿಯದು. ಬೆನ್ನಿನ ಕಡೆ ಅಲ್ಯೂಮಿನಿಯಂ ಪೈಪಿನ ಫ್ರೇಮ್ ಹೊರಗೇ ಕಾಣುತ್ತದೆ, ಮೆಣಸು ಕೊಯ್ಯುವ ಏಣಿಯ ತುಂಡನ್ನು ಬೆನ್ನಿಗೆ ಕಟ್ಟಿಕೊಂಡ ಹಾಗೆ. ಚೀಲ ಮೇಲ್ಭಾಗದಲ್ಲಿ ಮಾತ್ರ ಇದೆ. ಕೆಳಗೆ ಫ್ರೇಮ್ ಖಾಲಿ, ಅಲ್ಲಿ ಸ್ಲೀಪಿಂಗ್ ಬ್ಯಾಗ್ ಕಟ್ಟಬೇಕಂತೆ.

ತಡಿಯಂಡಮೋಳ್ ನಮ್ಮ ಮನೆ ಹಿಂದೆಯೇ ಇದೆ. ಡಿಸೆಂಬರಿನಲ್ಲಿ ಗೆಳೆಯರ ಜೊತೆ ಬ್ರಹ್ಮಗಿರಿ, ಆಮೇಲೆ ಬೀದಳ್ಳಿ ಕಡೆಯಿಂದ ಕುಮಾರ ಪರ್ವತ ಎಂದು ಲೆಕ್ಕ ಹಾಕಿದ್ದೇವೆ. ಮುಂದೆ ಯಾವಾಗಲಾದರೂ ಹಿಮಾಲಯ. ಇದನ್ನೇ ಬಳಸಲಾ, ಇಲ್ಲ ಒಳ ಫ್ರೇಮಿನ ಹೊಸ ಬ್ಯಾಗ್ ತೆಗೆದುಕೊಳ್ಳಲಾ? ಅಂಗಡಿಯಲ್ಲಿ ಕೇಳಿದರೆ ನಕ್ಕುಬಿಟ್ಟರು. ಅವರಿಗೆ ಹೊಸದು ಮಾರಬೇಕು, ಅದು ಬೇರೆ ಮಾತು. ಬಳಸಿದವರು ಹೇಳಿ.

ಮಡಿಕೇರಿ ಮಂಜು

ಮೊದಲು ಇದು ಹೇಳಿ: ಎಷ್ಟು ಭಾರ ಹೊರುತ್ತೀರಿ? ಅದು ಗೊತ್ತಿಲ್ಲದೆ ಬ್ಯಾಗಿನ ಮಾತಾಡಿ ಸುಖವಿಲ್ಲ.

ತಡಿಯಂಡಮೋಳ್ ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರ, 1,748 ಮೀಟರ್. ಆದರೂ ಬೆಳಗ್ಗೆ ಹೊರಟರೆ ಸಂಜೆಯೊಳಗೆ ಮನೆ. ನೀರು, ಊಟದ ಡಬ್ಬಿ, ರೇನ್‌ಕೋಟ್, ಒಂದು ಟಾರ್ಚ್. ನಾಲ್ಕೈದು ಕಿಲೋ ಆದರೆ ಹೆಚ್ಚು. ಅಷ್ಟಕ್ಕೆ ಎರಡು ಕಿಲೋಗೂ ಮೇಲೆ ತೂಗುವ ಫ್ರೇಮ್ ಬ್ಯಾಗ್ ಯಾಕೆ?

ಇನ್ನು ದಾರಿ. ನಾಲ್ಕುನಾಡು ಅರಮನೆ ದಾಟಿ ತುಂಬ ದೂರದ ತನಕ ಜೀಪ್ ಹೋಗುವಂಥ ರಸ್ತೆ, ಆಮೇಲೆ ಹುಲ್ಲಿನ ಬೆಟ್ಟ. ಅಲ್ಲಿ ಯಾವ ಬ್ಯಾಗ್ ಆದರೂ ನಡೆಯುತ್ತದೆ. ತುದಿಗೆ ಮೊದಲು ಶೋಲಾ ಕಾಡಿನೊಳಗೆ ಕಡಿದಾದ ಏರು ಬರುತ್ತದಲ್ಲ, ತಾಪತ್ರಯ ಅಲ್ಲಿ. ಬೇರು ಹಿಡಿದು, ಬಗ್ಗಿ ನುಸುಳಬೇಕು. ಈ ಬ್ಯಾಗಿನ ಪೈಪ್ ತಲೆಗಿಂತ ಮೇಲೆ ಚಾಚಿರುತ್ತದೆ. ನಿಮ್ಮ ತಲೆ ಕೊಂಬೆಯಡಿ ದಾಟುತ್ತದೆ, ಪೈಪ್ ದಾಟುವುದಿಲ್ಲ. ಹಿಂದಕ್ಕೆ ಎಳೆದು ಕೂರಿಸುತ್ತದೆ.

ಹಳೇ ಫೌಜಿ, ಪೊನ್ನಂಪೇಟೆ

ನಗುವವರು ನಗಲಿ ಮರಿ. ಆ ಬ್ಯಾಗ್ ಎಸೆಯಬೇಡ.

ಇವತ್ತು ನೀವೆಲ್ಲ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಆರಾಮಾಗಿ ಬೆಟ್ಟ ಹತ್ತುತ್ತೀರಲ್ಲ, ಆ ಸುಖ ಎಲ್ಲರಿಗೂ ಸಿಕ್ಕಿದ್ದು ಇಂಥ ಬ್ಯಾಗಿನಿಂದಲೇ. ಡಿಕ್ ಕೆಲ್ಟಿ ಎಂಬ ಬಡಗಿ ಕೆಲಸದವನು 1952ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲಿನಲ್ಲಿ ಮನೆಯಲ್ಲೇ ಇದನ್ನು ಮಾಡಿ ಮಾರತೊಡಗಿದ. ಫ್ರೇಮ್ ಬಗ್ಗಿಸುವುದು ಅವನು, ಚೀಲ ಹೊಲಿಯುವುದು ಅವನ ಹೆಂಡತಿ. ಅದಕ್ಕೂ ಮೊದಲು ಫ್ರೇಮ್ ಇರಲಿಲ್ಲ ಎಂದಲ್ಲ. ನಾರ್ವೆಯ ಬರ್ಗನ್ ಎಂಬವನು 1909ರ ಸುಮಾರಿಗೇ ಬೆನ್ನಿನ ಆಕಾರಕ್ಕೆ ಬಗ್ಗಿಸಿದ ಫ್ರೇಮ್ ಮಾಡಿದ್ದ. ಅಮೆರಿಕದಲ್ಲಿ 1920ರ ದಶಕದಿಂದ ಮರದ ಹಲಗೆಯ ಟ್ರ್ಯಾಪರ್ ನೆಲ್ಸನ್ ಎಂಬ ಬ್ಯಾಗ್ ಓಡುತ್ತಿತ್ತು. ಆದರೆ ಹಗುರವಾದ ಅಲ್ಯೂಮಿನಿಯಂ ಪೈಪು, ಜೊತೆಗೆ ಸೊಂಟದ ಬೆಲ್ಟು, ಎರಡನ್ನೂ ಸೇರಿಸಿ ಅಂಗಡಿಗೆ ತಂದವನು ಕೆಲ್ಟಿ. 1963ರಲ್ಲಿ ಅಮೆರಿಕನ್ನರು ಮೊದಲ ಸಲ ಎವರೆಸ್ಟ್ ಹತ್ತಿದಾಗ ಅವರ ಬೆನ್ನ ಮೇಲೆ ಇವೇ ಇದ್ದವು.

ಇದರ ಕೆಲಸ ಸರಳ. ಬರಿಯ ಚೀಲದಲ್ಲಿ ಹದಿನೈದು ಕಿಲೋ ತುಂಬಿದರೆ ಅದು ಕುಸಿಯುತ್ತದೆ, ಭಾರವೆಲ್ಲ ಭುಜದ ಪಟ್ಟಿಗೆ ಜೋತುಬೀಳುತ್ತದೆ. ಗಟ್ಟಿ ಪೈಪ್ ಕುಸಿಯುವುದಿಲ್ಲ. ಮೇಲಿನ ಭಾರವನ್ನು ನೇರ ಕೆಳಗೆ, ಸೊಂಟದ ಬೆಲ್ಟಿಗೆ ದಾಟಿಸುತ್ತದೆ. ಸೊಂಟದಿಂದ ಕಾಲಿಗೆ. ಭುಜಕ್ಕೆ ಉಳಿಯುವುದು ಬ್ಯಾಗ್ ಹಿಂದಕ್ಕೆ ವಾಲದಂತೆ ಹಿಡಿಯುವ ಕೆಲಸ ಅಷ್ಟೇ. ಅಮೆರಿಕದ ಸೇನೆ 1970ರ ದಶಕದಲ್ಲಿ ತಂದ ಆಲಿಸ್ ಪ್ಯಾಕಿಗೂ ಲೋಹದ ಹೊರ ಫ್ರೇಮ್. ಅದರ ನಂತರದ ಮೋಲಿ ಪ್ಯಾಕಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಹೊರ ಫ್ರೇಮ್. ಭಾರ ಹೊರುವವರು ಇದನ್ನು ಬಿಟ್ಟಿಲ್ಲ.

ಬೆಂಗಳೂರು ಟು ಬೀದಳ್ಳಿ

ಫೌಜಿ ಅಂಕಲ್, ಇತಿಹಾಸ ಚೆನ್ನಾಗಿದೆ. ಮುಂದಿನದನ್ನೂ ಹೇಳಬೇಕಲ್ವಾ? 1967ರಲ್ಲಿ ಗ್ರೆಗ್ ಲೋ ಫ್ರೇಮನ್ನು ಚೀಲದೊಳಗೆ ತಂದ. ಯಾಕೆ ತಂದ? ಅವನು ಬಂಡೆ ಹತ್ತುವವನು. ಬೆನ್ನಿನಿಂದ ದೂರ ನಿಂತು ಓಲಾಡುವ ಭಾರ ಬಂಡೆಯ ಮೇಲೆ ಆಗಿಬರುವುದಿಲ್ಲ.

ಬೀದಳ್ಳಿ ಕಡೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಇದು ಹೇಳಬೇಕಾಗಿಲ್ಲ. ಮೊದಲು ದಟ್ಟ ಕಾಡು, ಆಮೇಲೆ ಇಳಿಜಾರು ಬಂಡೆ. ಕೈ ಊರಬೇಕು, ಒಂದು ಕಡೆ ವಾಲಬೇಕು. ಹೊರ ಫ್ರೇಮಿನಲ್ಲಿ ಭಾರ ಎತ್ತರದಲ್ಲಿ ಇರುತ್ತದೆ, ಬೆನ್ನಿನಿಂದ ಸ್ವಲ್ಪ ದೂರವೂ ಇರುತ್ತದೆ. ನೀವು ಎಡಕ್ಕೆ ತಿರುಗಿದ ಮೇಲೆ ಅದು ತಿರುಗುತ್ತದೆ. ನೀವು ನಿಂತ ಮೇಲೆ ಅದು ನಿಲ್ಲುತ್ತದೆ. ಒದ್ದೆ ಬಂಡೆಯ ಮೇಲೆ ಆ ಅರೆಕ್ಷಣ ಸಾಕು, ಬೀಳುವುದಕ್ಕೆ.

ಹಳೇ ಫೌಜಿ, ಪೊನ್ನಂಪೇಟೆ

ಬಂಡೆಯ ಮೇಲೆ ಒಪ್ಪಿದೆ. ಆದರೆ ಭಾರ ಎತ್ತರದಲ್ಲಿರುವುದನ್ನು ಬರೀ ತಪ್ಪು ಎನ್ನಬೇಡ. ಸಪಾಟು ದಾರಿಯಲ್ಲಿ ಅದೇ ಗುಣ. ಭಾರ ಭುಜದ ಮಟ್ಟದಲ್ಲಿದ್ದರೆ ಸ್ವಲ್ಪ ಮುಂದೆ ಬಾಗಿದರೆ ಸಾಕು, ಸೊಂಟದ ಮೇಲೆ ಬಂದು ಕೂರುತ್ತದೆ. ಭಾರ ಕೆಳಗೆ ಜೋತಾಡಿದರೆ ಮೈಯನ್ನು ಜಾಸ್ತಿ ಬಗ್ಗಿಸಬೇಕು. ತಲೆ ಮೇಲೆ ಸಿಂಬೆ ಇಟ್ಟು ಸೌದೆ ಹೊರುವ ಹೆಂಗಸರನ್ನು ನೋಡು. ನೆಟ್ಟಗೆ ನಡೆಯುತ್ತಾರೆ.

ಸೋಮವಾರಪೇಟೆ ಸೋಮಾರಿ

ನನ್ನದು ಒಂದೇ ತಕರಾರು. ಸರ್ಕಾರಿ ಬಸ್ಸು.

ಒಳ ಫ್ರೇಮಿನ ಬ್ಯಾಗನ್ನು ಅಮುಕಿ ಸೀಟಿನಡಿ ತುರುಕಬಹುದು. ಈ ಪೈಪಿನದು ಅಮುಕಿದರೆ ಅಮುಕುವುದಿಲ್ಲ, ಮೇಲಿನ ಕಂಬಿಯಲ್ಲಿ ಕೂರುವುದಿಲ್ಲ, ಪಕ್ಕದಲ್ಲಿ ನಿಂತವರ ಸೀರೆಗೆ ಸಿಕ್ಕಿಕೊಳ್ಳುತ್ತದೆ. ಕಂಡಕ್ಟರ್ ಲಗೇಜ್ ಟಿಕೆಟ್ ಎನ್ನುತ್ತಾರೆ. ವಿಮಾನದಲ್ಲಿ ಹಾಕಿ ಕಳಿಸಿದರೆ ಪೈಪ್ ಸೊಟ್ಟಗಾಗಿ ಬರುವ ಭಯ ಬೇರೆ. ಹಿಮಾಲಯಕ್ಕೆ ಹೋಗುವವನು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಂದ ಹಾಗೆ ಅಮೆರಿಕದಲ್ಲಿ ಇಂಥ ಫ್ರೇಮನ್ನು ಈಗಲೂ ಜಾಸ್ತಿ ಕೊಳ್ಳುವವರು ಬೇಟೆಯವರಂತೆ. ಜಿಂಕೆಯ ಮಾಂಸ ಕಟ್ಟಿ ಹೊತ್ತು ತರುವುದಕ್ಕೆ. ಕೊಡಗಿನವರಿಗೆ ಹೇಳಿ ಮಾಡಿಸಿದ್ದು, ಐವತ್ತು ವರ್ಷ ತಡವಾಗಿ ಬಂತು ಅಷ್ಟೇ 😄

ಮಡಿಕೇರಿ ಮಂಜು

1972ರ ವನ್ಯಜೀವಿ ಕಾಯ್ದೆ ನೆನಪಿರಲಿ ಮಾರಾಯರೇ. ಪಂದಿಕರಿ ಬೇಕಿದ್ದರೆ ಡಬ್ಬಿಯಲ್ಲಿ ತನ್ನಿ, ಸಾಕಿದ ಹಂದಿಯದು. ಅದಕ್ಕೆ ಫ್ರೇಮ್ ಬೇಡ.

ಕಾಳುಮೆಣಸು ಅಕ್ಕ

ಬೆಟ್ಟದ ವಿಷಯ ನೀವು ಮಾತಾಡಿ. ನಾನು ತೋಟದ ಕಡೆಯಿಂದ ಹೇಳುತ್ತೇನೆ.

ನಮ್ಮ ಯಜಮಾನರ ಬಳಿ ಇಂಥದ್ದೇ ಒಂದು ಫ್ರೇಮ್ ಇದೆ. ಚೀಲ ಹರಿದು ಹೋಗಿ ಕಾಲವಾಯಿತು. ಬರೀ ಫ್ರೇಮ್ ಉಳಿದಿದೆ. ಅದು ದಿನಾ ಕೆಲಸಕ್ಕೆ ಬರುತ್ತದೆ. ನಮ್ಮ ತೋಟ ಇಳಿಜಾರು, ಕೆಳಗಿನ ಹೊಳೆಬದಿಗೆ ಜೀಪ್ ಹೋಗುವುದಿಲ್ಲ. ಮರ ಕತ್ತರಿಸುವ ಮೆಷಿನ್, ಪೆಟ್ರೋಲ್ ಕ್ಯಾನ್, ಪೈಪಿನ ಸುರುಳಿ, ಪಂಪ್‌ಸೆಟ್ಟಿನ ಬಿಡಿಭಾಗ, ಇವು ಯಾವುದೂ ಚೀಲದೊಳಗೆ ಹೋಗುವ ಆಕಾರದವಲ್ಲ. ಫ್ರೇಮಿಗೆ ಇಟ್ಟು ಹಗ್ಗ ಬಿಗಿದರೆ ಮುಗಿಯಿತು. ಎರಡೂ ಕೈ ಖಾಲಿ. ಕೋಲು ಹಿಡಿಯಬಹುದು, ಕಾಫಿ ಗಿಡ ಹಿಡಿದುಕೊಂಡು ಇಳಿಯಬಹುದು. 20 ಲೀಟರ್ ನೀರಿನ ಕ್ಯಾನ್ ಎಂದರೆ 20 ಕಿಲೋ. ಅದನ್ನು ಒಂದು ಕೈಯಲ್ಲಿ ಹಿಡಿದು ಜಾರುವ ದಾರಿಯಲ್ಲಿ ಇಳಿದು ನೋಡಿ, ಆಮೇಲೆ ಫ್ರೇಮಿನ ಬೆಲೆ ಗೊತ್ತಾಗುತ್ತದೆ. ಕ್ಯಾನ್ ಪೂರ್ತಿ ತುಂಬಿ, ಇಲ್ಲದಿದ್ದರೆ ನೀರು ತುಳುಕಿ ಒಂದೇ ಸಮ ಎಳೆದಾಡುತ್ತದೆ.

ಈ ಸಲ ಅದಕ್ಕೆ ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಕ್ಯಾನನ್ನೂ ಕಟ್ಟೋಣ ಎನ್ನುತ್ತಿದ್ದಾರೆ. ಬೆನ್ನಿನ ಸ್ಪ್ರೇಯರಿಗೆ ಭುಜದ ಪಟ್ಟಿ ಮಾತ್ರ, ಸೊಂಟದ ಬೆಲ್ಟ್ ಇಲ್ಲ. ಆಳುಗಳಿಗೆ ಸಂಜೆ ಹೊತ್ತಿಗೆ ಭುಜ ಬಿದ್ದು ಹೋಗುತ್ತದೆ.

ಕುಶಾಲನಗರ ಹೊಲಿಗೆ

ಅಕ್ಕಾ, ಬೋರ್ಡೋ ಬೇಡ! ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಉಪ್ಪು. ತಾಮ್ರದ ನೀರು ಅಲ್ಯೂಮಿನಿಯಮ್ಮಿನ ಮೇಲೆ ನಿಂತರೆ ಲೋಹವನ್ನು ತಿಂದುಬಿಡುತ್ತದೆ. ಮೊದಲು ಸಣ್ಣ ಗುಳಿ ಬೀಳುತ್ತದೆ, ಆಮೇಲೆ ಅದೇ ಜಾಗದಲ್ಲಿ ಪೈಪ್ ಮುರಿಯುತ್ತದೆ. ದ್ರಾವಣ ಕಲಸಲು ಪ್ಲಾಸ್ಟಿಕ್ ಡ್ರಮ್ ಬಳಸುತ್ತೀರಲ್ಲ, ಅದೇ ಕಾರಣ. ಕಟ್ಟಲೇಬೇಕು ಎಂದಿದ್ದರೆ ಕ್ಯಾನಿನ ಕೆಳಗೆ ದಪ್ಪ ರಬ್ಬರ್ ಶೀಟ್ ಹಾಕಿ, ಸಂಜೆ ಫ್ರೇಮನ್ನು ಚೆನ್ನಾಗಿ ನೀರು ಹೊಯ್ದು ತೊಳೆಯಿರಿ. ನನ್ನ ಕೇಳಿದರೆ, ಸ್ಪ್ರೇಯರಿಗೇ ಒಂದು ಸೊಂಟದ ಬೆಲ್ಟ್ ಹೊಲಿಸುವುದು ಒಳ್ಳೆಯದು.

ಈಗ ಕಕ್ಕಬ್ಬೆ ತಮ್ಮನಿಗೆ. ನಾನು ಬ್ಯಾಗ್ ರಿಪೇರಿ ಮಾಡುವವನು. ಹಳೇ ಬ್ಯಾಗ್ ಬಂದರೆ ನಾನು ಮೊದಲು ಫ್ರೇಮ್ ನೋಡುವುದಿಲ್ಲ, ಚೀಲದ ಒಳಗಡೆ ಮೂಸುತ್ತೇನೆ. ಹಳೇ ನೈಲಾನ್ ಚೀಲಕ್ಕೆ ಒಳಗೆ ನೀರು ತಡೆಯುವ ಲೇಪ ಇರುತ್ತದೆ. ತೇವ ಕುಡಿದು ಕುಡಿದು ಅದು ಕೊಳೆಯುತ್ತದೆ. ಅಂಟಂಟಾಗಿ, ಪುಡಿಪುಡಿ ಉದುರಿ, ಹುಳಿ ವಾಸನೆ ಬರುತ್ತದೆ. ಅಮೆರಿಕದಲ್ಲಿ ಒಣ ಹವೆಯ ಊರಿನಲ್ಲಿ ಇದ್ದಿದ್ದರೆ ತಡೆದಿರಬಹುದು. ಕಕ್ಕಬ್ಬೆಯ ಜೂನ್, ಜುಲೈಯಲ್ಲಿ ಅಟ್ಟದ ಮೇಲೆ ಇಟ್ಟರೆ ಬೂಷ್ಟು ಹಿಡಿದು ಹೋಗುತ್ತದೆ. ಒಲೆಯ ಬೆಚ್ಚಗಿನ ಕೋಣೆಯಲ್ಲಿ ತೂಗುಹಾಕಿ, ಆದರೆ ಒಲೆಯ ನೇರ ಮೇಲೆ ಬೇಡ.

ಇನ್ನು ಸೊಂಟದ ಬೆಲ್ಟಿನ ಸ್ಪಂಜು. ಹೆಬ್ಬೆರಳಿನಿಂದ ಒತ್ತಿ. ಉಬ್ಬಿ ವಾಪಸ್ ಬಂದರೆ ಸರಿ. ಒಳಗೆ ಮರಳಿನ ಹಾಗೆ ಕರಕರ ಎಂದರೆ ಸತ್ತಿದೆ ಎಂದು ತಿಳಿಯಿರಿ. ತೀರಾ ಹಳೆಯ ಮಾದರಿಗೆ ಬೆಲ್ಟಿನಲ್ಲಿ ಸ್ಪಂಜೇ ಇರುವುದಿಲ್ಲ, ಬರೀ ಪಟ್ಟಿ. ಅದನ್ನು ಬದಲಿಸಲೇಬೇಕು. ಬೆಲ್ಟ್ ಕೆಟ್ಟ ಫ್ರೇಮ್ ಬ್ಯಾಗಿಗಿಂತ ಫ್ರೇಮೇ ಇಲ್ಲದ ಬ್ಯಾಗ್ ವಾಸಿ.

ಕಕ್ಕಬ್ಬೆ ಹುಡುಗ

ಹೊಲಿಗೆ ಅಣ್ಣ, ಈಗಲೇ ನೋಡಿದೆ. ವಾಸನೆ ಇಲ್ಲ, ಲೇಪ ಮೂಲೆಯಲ್ಲಿ ಸ್ವಲ್ಪ ಏಳುತ್ತಿದೆ. ಸ್ಪಂಜು ಮಾತ್ರ ಕರಕರ ಅನ್ನುತ್ತಿದೆ. ಚೀಲವನ್ನು ಫ್ರೇಮಿಗೆ ಹಿಡಿದಿರುವ ಪಿನ್ನುಗಳಲ್ಲಿ ಎರಡು ಕಾಣೆ. ಇವು ಇಲ್ಲಿ ಸಿಗುತ್ತವಾ?

ಕುಶಾಲನಗರ ಹೊಲಿಗೆ

ಅದೇ ಈ ಬ್ಯಾಗಿನ ದೊಡ್ಡ ಗುಣ, ನೋಡಿ. ಒಳ ಫ್ರೇಮಿನ ಬ್ಯಾಗಿನಲ್ಲಿ ಸರಳು ಒಳಗಿನಿಂದ ಬಟ್ಟೆ ಹರಿದು ಹೊರಬಂದರೆ ಅರ್ಧ ಬ್ಯಾಗ್ ಬಿಚ್ಚಬೇಕು. ಇದರಲ್ಲಿ ಎಲ್ಲವೂ ಹೊರಗೇ ಇದೆ. ಪಿನ್ನು ಪೈಪಿನ ತೂತಿನಲ್ಲಿ ಹೋಗುತ್ತದೆ, ಅದರ ತುದಿಗೆ ಕೀ ಬಂಚಿನಂಥ ರಿಂಗು. ಅಷ್ಟೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಣ್ಣ ಸ್ಟೇನ್‌ಲೆಸ್ ಬೋಲ್ಟು, ಲಾಕ್ ನಟ್ಟು ತಂದರೂ ನಡೆಯುತ್ತದೆ. ದಾರಿಯಲ್ಲಿ ಕಳೆದರೆ ಬೈಂಡಿಂಗ್ ವೈರ್ ಸುತ್ತಿ ಮನೆ ತಲುಪಬಹುದು. ಸಾಧಾರಣ ಕಬ್ಬಿಣದ ರಿಂಗ್ ಬೇಡ, ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ.

ಪೈಪ್ ಬಿರುಕು ಬಿಟ್ಟಿದೆಯಾ ನೋಡಿ, ಮುಖ್ಯವಾಗಿ ಅಡ್ಡಪೈಪು ಸೇರುವ ಬೆಸುಗೆಯ ಹತ್ತಿರ. ಅಲ್ಯೂಮಿನಿಯಂ ಬೆಸುಗೆ ಎಲ್ಲರಿಗೂ ಬರುವುದಿಲ್ಲ. ಗೇಟು ಗ್ರಿಲ್ಲು ಮಾಡುವವರ ಕೈಗೆ ಕೊಟ್ಟರೆ ತೂತು ಮಾಡಿ ಕೊಡುತ್ತಾರೆ.

ವಿರಾಜಪೇಟೆ ಮೇಷ್ಟ್ರು

ಯಾರೂ ಬೆವರಿನ ಮಾತು ಎತ್ತಲಿಲ್ಲವಲ್ಲ. ಹೊರ ಫ್ರೇಮಿನಲ್ಲಿ ಬೆನ್ನಿಗೆ ತಾಗುವುದು ಎರಡು ಅಗಲದ ಪಟ್ಟಿ ಅಥವಾ ಬಲೆ ಮಾತ್ರ. ಚೀಲ ಬೆನ್ನಿನಿಂದ ದೂರ, ನಡುವೆ ಗಾಳಿ ಆಡುತ್ತದೆ. ಮಾರ್ಚ್ ಬಿಸಿಲಿನಲ್ಲಿ ಹುಲ್ಲುಬೆಟ್ಟ ಹತ್ತುವಾಗ ಅದರ ಸುಖವೇ ಬೇರೆ.

ಬೆಂಗಳೂರು ಟು ಬೀದಳ್ಳಿ

ಆ ಸುಖ ಈಗ ಬೇರೆ ಬ್ಯಾಗಿನಲ್ಲೂ ಸಿಗುತ್ತದೆ ಸರ್. ಜರ್ಮನಿಯ ಡಾಯ್ಟರ್ 1984ರಲ್ಲೇ ಬೆನ್ನಿಗೆ ಬಿಗಿದ ಬಲೆಯ ಬ್ಯಾಗ್ ತಂದಿತು. ಈಗ ಹಲವು ಕಂಪನಿಗಳು ಅಂಥದ್ದು ಮಾಡುತ್ತವೆ. ಮೂರು ಕಡೆ ತಂತಿಯ ಫ್ರೇಮ್, ಅದಕ್ಕೆ ಎಳೆದು ಕಟ್ಟಿದ ಬಲೆ, ಹಿಂದೆ ಚೀಲ. ನೋಡಲು ಒಳ ಫ್ರೇಮಿನದ್ದರಂತೆ ನುಣುಪು, ಕೆಲಸದಲ್ಲಿ ಹೊರ ಫ್ರೇಮಿನ ಮೊಮ್ಮಗು. ಅಮೆರಿಕದ ಜೀಪ್ಯಾಕ್ಸ್‌ನವರು ಕಾರ್ಬನ್ ಕಡ್ಡಿಯ ಹೊರ ಫ್ರೇಮಿಟ್ಟು ಒಂದು ಕಿಲೋಗೂ ಕಡಿಮೆ ತೂಕದ ಬ್ಯಾಗ್ ಮಾಡುತ್ತಾರೆ. ಹಾಗಾಗಿ ಹೊರ ಫ್ರೇಮ್ ಅಂದರೆ ಭಾರ ಎಂದು ಸಾರಾಸಗಟಾಗಿ ಹೇಳುವ ಹಾಗೂ ಇಲ್ಲ. ಬೆಲೆ ಕೇಳಿದರೆ ಮಾತ್ರ ಎದೆ ಭಾರ.

ಮಡಿಕೇರಿ ಮಂಜು

ಬಲೆ, ಗಾಳಿ ಎಲ್ಲ ಸರಿ. ಮಳೆ? ನಮ್ಮಲ್ಲಿ ಬೆನ್ನಿನ ಕಡೆಯಿಂದಲೇ ನೀರು ಇಳಿಯುತ್ತದೆ. ಚೀಲ ಬೆನ್ನಿಗೆ ಒತ್ತಿಕೊಂಡಿದ್ದರೆ ರೇನ್‌ಕೋಟ್ ಸ್ವಲ್ಪ ಕಾಪಾಡುತ್ತದೆ. ನಡುವೆ ಜಾಗ ಬಿಟ್ಟರೆ ಅಲ್ಲಿ ಮಳೆ ಸುರಿಯುತ್ತದೆ. ಅಂಗಡಿಯ ರೇನ್ ಕವರ್ ಇಂಥ ಫ್ರೇಮಿಗೆ ಸರಿಯಾಗಿ ಕೂರುವುದೂ ಇಲ್ಲ, ಮೇಲಿನ ಪೈಪಿಗೆ ಸಿಕ್ಕಿ ಹರಿಯುತ್ತದೆ. ಕೆಳಗೆ ಕಟ್ಟಿದ ಸ್ಲೀಪಿಂಗ್ ಬ್ಯಾಗ್ ಕವರಿನ ಹೊರಗೇ ಉಳಿಯುತ್ತದೆ.

ಉಪಾಯ ಒಂದೇ. ಒಳಗಡೆ ದಪ್ಪನೆಯ ಪ್ಲಾಸ್ಟಿಕ್ ಚೀಲ, ಗೊಬ್ಬರದ ಚೀಲದ ಒಳಗಿನ ಕವರ್ ಇರುತ್ತದಲ್ಲ, ತೊಳೆದು ಒಣಗಿಸಿದ್ದು. ಬಟ್ಟೆ, ಹೊದಿಕೆ ಎಲ್ಲ ಅದರೊಳಗೆ. ಹೊರಗೆ ನೆನೆದರೆ ನೆನೆಯಲಿ. ಅರಣ್ಯದ ಗೇಟಿನಲ್ಲಿ ಪ್ಲಾಸ್ಟಿಕ್ ತಪಾಸಣೆ ಮಾಡುತ್ತಾರೆ, ತೋರಿಸಿ ವಾಪಸ್ ತನ್ನಿ.

ಮತ್ತೆ ಇಂಬಳ. ಯಾವ ಬ್ಯಾಗ್ ಆದರೂ ನೆಲಕ್ಕಿಟ್ಟರೆ ಹತ್ತುತ್ತವೆ. ಆದರೆ ಈ ಫ್ರೇಮಿನ ಬಲೆ, ಪಟ್ಟಿಯ ಮಡಿಕೆ, ಪೈಪಿನ ತೆರೆದ ತುದಿ, ಎಲ್ಲ ಅವಕ್ಕೆ ಅಡಗುವ ಜಾಗ. ಮರದ ಗೂಟಕ್ಕೆ ತೂಗುಹಾಕಿ. ಬ್ರಹ್ಮಗಿರಿಯ ದಾರಿಯಲ್ಲಿ ಇರ್ಪು ದಾಟಿ ನರಿಮಲೆ ಕಡೆ ಹೋಗುವಾಗ ಸುಣ್ಣ, ಹೊಗೆಸೊಪ್ಪಿನ ಗಂಟು ಕೈಯಲ್ಲಿರಲಿ.

ಹಳೇ ಫೌಜಿ, ಪೊನ್ನಂಪೇಟೆ

ಪೈಪಿನ ತುದಿಗೆ ರಬ್ಬರ್ ಬುಚ್ಚು ಹಾಕಿದರೆ ಇಂಬಳವೂ ಹೋಗುವುದಿಲ್ಲ, ಸದ್ದೂ ಬರುವುದಿಲ್ಲ. ಬ್ರಹ್ಮಗಿರಿ ಆನೆ ಓಡಾಡುವ ಕಾಡು. ಅಲ್ಲಿ ಕಿರ್ ಕಿರ್ ಎನ್ನುವ ಪಿನ್ನು, ಟಣ್ ಟಣ್ ಎನ್ನುವ ಲೋಟ ಕಟ್ಟಿಕೊಂಡು ನಡೆದರೆ ಜೊತೆಗೆ ಬರುವ ಗಾರ್ಡಿಗೆ ಬೇರೇನೂ ಕೇಳಿಸುವುದಿಲ್ಲ. ಕಾಡಿನಲ್ಲಿ ಅವನ ಕಿವಿಯೇ ನಮಗೆ ಕಾವಲು. ಪಿನ್ನಿಗೆ ಒಂದು ತೊಟ್ಟು ಮೇಣ ಸವರು.

ಹೊಳೆ ದಾಟುವಾಗ ಸೊಂಟದ ಬಕಲ್ ಬಿಚ್ಚು. ಬಿದ್ದರೆ ಬ್ಯಾಗ್ ಹೋಗಲಿ, ನೀನು ಏಳಬೇಕು. ಇದು ಎಲ್ಲ ಬ್ಯಾಗಿಗೂ ಒಂದೇ ಮಾತು.

ಸೋಮವಾರಪೇಟೆ ಸೋಮಾರಿ

ಅಷ್ಟಕ್ಕೂ ಕೊಡಗಿನಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗ್ ಹೊತ್ತು ಎಲ್ಲಿಗೆ ಹೋಗುತ್ತೀರಿ? ಕುಮಾರ ಪರ್ವತದ ತುದಿಯಲ್ಲಿ ಮಲಗಲು ಬಿಡುವುದಿಲ್ಲ. 2024ರ ಜನವರಿಯಲ್ಲಿ ಅಲ್ಲಿ ಜನ ಸೇರಿದ್ದನ್ನು ಟೀವಿಯಲ್ಲಿ ನೋಡಿಲ್ವಾ? ಜಾತ್ರೆಗೂ ಅಷ್ಟು ಜನ ಬರುವುದಿಲ್ಲ. ಆಮೇಲೆ ಸ್ವಲ್ಪ ಕಾಲ ಚಾರಣವನ್ನೇ ನಿಲ್ಲಿಸಿದರು. ಈಗ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿಕೊಂಡೇ ಹೋಗಬೇಕು. ರಾತ್ರಿ ಬೆಟ್ಟದ ಮೇಲೆ ಕಳೆಯುವ ಕಾಲ ಮುಗಿಯಿತು. ಹಾಗಿದ್ದ ಮೇಲೆ 60 ಲೀಟರ್ ಬ್ಯಾಗಿನೊಳಗೆ ಏನು ತುಂಬುತ್ತೀರಿ, ಕಿತ್ತಳೆಯಾ?

ಬೆಂಗಳೂರು ಟು ಬೀದಳ್ಳಿ

ಈ ಮಾತಿಗೆ ನನ್ನ ಓಟು. ಕೊಡಗಿನ ಮಟ್ಟಿಗೆ 25–30 ಲೀಟರ್ ಬ್ಯಾಗ್ ಸಾಕು, ಯಾವ ಫ್ರೇಮೂ ಬೇಡ. ಹಿಮಾಲಯಕ್ಕೆ ತಂಡದ ಜೊತೆ ಹೋದರೆ ಟೆಂಟು, ಅಡುಗೆ ಸಾಮಾನು ಹೇಸರಗತ್ತೆಯ ಮೇಲೆ ಹೋಗುತ್ತದೆ. ನಿಮ್ಮ ಬೆನ್ನ ಮೇಲೆ ಏಳೆಂಟು ಕಿಲೋ. ಬ್ಯಾಗನ್ನೂ ಹೇಸರಗತ್ತೆಗೆ ಕೊಡುವುದಾದರೆ ಪೈಪಿನದು ಖಂಡಿತ ಬೇಡ. ಹಗ್ಗ ಬಿಗಿದಾಗ ಫ್ರೇಮ್ ಸೊಟ್ಟಗಾಗುತ್ತದೆ, ಪ್ರಾಣಿಯ ಮೈಗೂ ಒತ್ತುತ್ತದೆ.

ಕಾಳುಮೆಣಸು ಅಕ್ಕ

ಹಾಗಾದರೆ ಎಲ್ಲರೂ ಹೇಳಿದ್ದು ಕೂಡಿಸಿದರೆ ಅದು ಬೆಟ್ಟಕ್ಕಲ್ಲ, ತೋಟಕ್ಕೆ. ತಮ್ಮಾ, ಬೇಡ ಅನಿಸಿದರೆ ನನಗೆ ಕೊಡು. ಕಾಫಿ ಕೊಯ್ಲಿನ ಸಮಯಕ್ಕೆ ಸಿಕ್ಕರೆ ಒಳ್ಳೆಯದು. ಕೊಯ್ಲಿನವರಿಗೆ ಊಟ, ಟೀ ಹೊತ್ತು ಇಳಿಯಬೇಕು.

ಹಳೇ ಫೌಜಿ, ಪೊನ್ನಂಪೇಟೆ

ನಾನು ಒಪ್ಪುವುದಿಲ್ಲ ಅಕ್ಕ. ಹುಡುಗನಿಗೆ ಇಪ್ಪತ್ತು ಕಿಲೋ ಹೊತ್ತು ನಡೆಯುವುದು ಏನೆಂದು ಗೊತ್ತಾಗಲಿ. ಜೀಪ್ ರಸ್ತೆಯ ಮೇಲೆ ಆ ಫ್ರೇಮ್ ಹೊತ್ತು ಅರಮನೆ ತನಕ ಹೋಗಿ ಬಾ ಮರಿ. ಮೊದಲು ಅಳತೆ ಸರಿಮಾಡು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದೆ. ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದ ತನಕ ಟೇಪ್ ಹಿಡಿಸು. ನಿನ್ನ ಎತ್ತರ ಎಷ್ಟು ಎನ್ನುವುದು ಮುಖ್ಯವಲ್ಲ, ಈ ಅಳತೆ ಮುಖ್ಯ. ಭುಜದ ಪಟ್ಟಿ ಫ್ರೇಮಿಗೆ ಸೇರುವ ಜಾಗ ಹೆಚ್ಚು ಕಡಿಮೆ ಭುಜದ ಮಟ್ಟಕ್ಕೆ ಬರಬೇಕು. ಬೆಲ್ಟು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಹೊರುವ ಕ್ರಮ ಹೀಗೆ: ಭುಜದ ಪಟ್ಟಿ ಸಡಿಲ ಇರಲಿ, ಮೊದಲು ಸೊಂಟ ಬಿಗಿ, ಆಮೇಲೆ ಭುಜ. ತುಂಬ ಜನ ಉಲ್ಟಾ ಮಾಡುತ್ತಾರೆ, ಆಮೇಲೆ ಬ್ಯಾಗನ್ನು ಬೈಯುತ್ತಾರೆ.

ಕಕ್ಕಬ್ಬೆ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಬ್ರಹ್ಮಗಿರಿಗೂ ಕುಮಾರ ಪರ್ವತಕ್ಕೂ ತಂಗಿಯ ಸಣ್ಣ ಬ್ಯಾಗ್ ಒಯ್ಯುತ್ತೇನೆ. ಫ್ರೇಮ್ ಕೊಡುವುದಿಲ್ಲ ಅಕ್ಕ, ಬೇಜಾರಾಗಬೇಡಿ. ನಮ್ಮ ತೋಟದಲ್ಲೂ ಇಳಿಜಾರು ಇದೆ, ಅಪ್ಪ ಆಗಲೇ ಅದರ ಮೇಲೆ ಕಣ್ಣಿಟ್ಟಿದ್ದಾರೆ. ಬಿಡುವಿದ್ದಾಗ ಫೌಜಿ ಅಂಕಲ್ ಹೇಳಿದ ಹಾಗೆ ಭಾರ ಕಟ್ಟಿ ಅರಮನೆ ತನಕ ನಡೆಯುತ್ತೇನೆ. ಹೊಲಿಗೆ ಅಣ್ಣ, ಸೊಂಟದ ಬೆಲ್ಟ್ ಹೊಸದು ಹೊಲಿದು ಕೊಡುತ್ತೀರಾ? ಪೂರ್ತಿ ಬ್ಯಾಗ್ ತರಬೇಕಾ?

ಕುಶಾಲನಗರ ಹೊಲಿಗೆ

ಬ್ಯಾಗ್ ಬೇಡ. ಚೀಲ ಬಿಚ್ಚಿಟ್ಟು ಫ್ರೇಮ್, ಹಳೇ ಬೆಲ್ಟ್ ಎರಡೇ ತನ್ನಿ. ನೀವೂ ಬರಬೇಕು, ಸೊಂಟದ ಅಳತೆ ಫೋನಿನಲ್ಲಿ ಆಗುವುದಿಲ್ಲ. ಹೊರುವವರು ನೀವೋ ಅಪ್ಪನೋ ಎಂದು ಮನೆಯಲ್ಲಿ ಮೊದಲೇ ತೀರ್ಮಾನ ಮಾಡಿಕೊಂಡು ಬನ್ನಿ.